ಬರಕತ್ತಿನ ಬೆರಳು

ಆಗಸ್ಟ್ ೪, ಸೋಮವಾರ

ಬರೆಯುವುದು ನನ್ನಿಂದಾಗದು. ಬೆಳಗಿನಿಂದ ಟೇಪು, ಕತ್ತರಿ ಹಿಡಿದ ಕೈ ಮತ್ತೆ ಪೆನ್ನು ಹಿಡಿ ಎಂದರೆ ಹಿಡಿಯುವುದಿಲ್ಲ. ಅದಕ್ಕೇ ಫೋನಿಗೆ ಹೇಳಿಡುತ್ತಿದ್ದೇನೆ. ಯಾರಿಗೂ ಕಳಿಸಲಿಕ್ಕಲ್ಲ. ಹೇಳದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ, ಅಷ್ಟೇ.

ಸಿರುಗುಪ್ಪ ಬಿಟ್ಟು ಬಳ್ಳಾರಿಗೆ ಬಂದು ವರ್ಷವಾಯಿತು. ಕೌಲ್ ಬಜಾರಿನಲ್ಲಿ ಗೌಸಣ್ಣನ ಜೀನ್ಸ್ ಯೂನಿಟ್ಟು. ಕೆಳಗೆ ವೆಲ್ಡಿಂಗ್ ಅಂಗಡಿ, ಮೇಲೆ ನಾವು. ಇಷ್ಟು ದಿನ ಹೊಲಿದದ್ದೆಲ್ಲ ಸುತ್ತಲಿನ ಊರುಗಳ ಮಾಲು. ಸಿರುಗುಪ್ಪಕ್ಕೆ ಮಕ್ಕಳ ಪ್ಯಾಂಟು, ರಾಯಚೂರಿಗೆ ದೊಡ್ಡವರದು, ಆದೋನಿಗೆ ಅಗ್ಗದ್ದು. ಹೋದ ತಿಂಗಳು ಬೆಂಗಳೂರಿನ ಒಂದು ರಫ್ತು ಕಂಪನಿ ಅಮೆರಿಕಾಕ್ಕೆ ಹೋಗುವ ಪ್ಯಾಂಟು ಹೊಲಿಯಲು ಕೊಟ್ಟಿತು. ಬಟ್ಟೆ ಅವರದು, ಅಳತೆ ಅವರದು, ಲೇಬಲ್ ಅವರದು. ಹೊಲಿಗೆ ಮಾತ್ರ ನಮ್ಮದು. ಷರತ್ತು ಒಂದೇ: ಎಲ್ಲ ಮಿಷನ್ನೂ ಅವರಿಗೇ.

ಇವತ್ತು ಸಿರುಗುಪ್ಪದ ಬಟ್ಟೆ ವ್ಯಾಪಾರಿ ಗವಿಸಿದ್ದಪ್ಪ ಎಂದಿನಂತೆ ಬಂದರು. ಗೌಸಣ್ಣ ಮೆಟ್ಟಿಲ ಮೇಲೆಯೇ ತಡೆದ.

"ಸಾವ್ಕಾರ್ರ, ಈಗ ಫಾರಿನ್ ಮಾಲು ನಡದೈತ್ರಿ. ಮಕ್ಕಳ ಪ್ಯಾಂಟ್ ಹೊಲ್ಯಾಕ ಒಂದು ಮಿಷನ್ನೂ ಖಾಲಿ ಇಲ್ಲ."

"ಅಮೆರಿಕಾದವರ ಕುಂಡಿ ಮುಚ್ಚಾಕ ನಮ್ಮ ಹುಡುಗ್ರನ್ನ ಬತ್ಲೆ ಬಿಡ್ತೀ ಏನಪಾ ಗೌಸ?"

ಒಳಗಿದ್ದವರೆಲ್ಲ ನಕ್ಕೆವು. ನಾನೇ ಜೋರಾಗಿ ನಕ್ಕೆ. ಮುದುಕ ತಿರುಗಿಯೂ ನೋಡದೆ ಇಳಿದು ಹೋದ. ಹೋಗಲಿ. ಎಷ್ಟು ದಿನ ಅಂತ ಚಡ್ಡಿ ಹೊಲಿಯುವುದು?

ಕಂಪನಿಯ ಕಾಗದ ಇಂಗ್ಲಿಷಿನಲ್ಲಿರುವುದರಿಂದ ಚೆಕಿಂಗ್ ಕೆಲಸ ನನಗೆ ಬಂದಿದೆ. ಈ ಒಂದು ಲಾಟಿನಲ್ಲಿ ಕೆಲಸ ಕಲಿತುಕೊಂಡು, ದೊಡ್ಡ ದೊಡ್ಡ ಬಟ್ಟೆ ಫ್ಯಾಕ್ಟರಿಗಳಿರುವ ತಿರುಪ್ಪೂರಿಗೆ ಹೋಗುತ್ತೇನೆ. ಈ ಧೂಳು, ಈ ಆಟೋ ಗದ್ದಲ, ಈ ಗೌಸಣ್ಣನ ಯೂನಿಟ್ಟು ಯಾವುದೂ ನನ್ನದಲ್ಲ.

ಆಗಸ್ಟ್ ೧೩, ಬುಧವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಬೆಂಗಳೂರಿನಿಂದ ಕಂಪನಿಯ ಕ್ವಾಲಿಟಿ ಸಾಹೇಬ ಬಂದಿದ್ದ. ಒಂದು ಪ್ಯಾಂಟು ಎತ್ತಿದ, ಸೊಂಟಕ್ಕೆ ಟೇಪು ಇಟ್ಟ, ನೆಲಕ್ಕೆ ಒಗೆದ. ಇನ್ನೊಂದು ಎತ್ತಿದ, ಅಳೆದ, ಒಗೆದ. ಹೆಂಗಸರು ದಿನಗಟ್ಟಲೆ ಬೆನ್ನು ಬಗ್ಗಿಸಿ ಹೊಲಿದ ಮಾಲು ಅವನ ಬೂಟಿನ ಸುತ್ತ ಗುಡ್ಡೆಯಾಯಿತು.

"ಏನ್ರೀ ಇದು? ಪ್ಯಾಂಟಾ, ಟೆಂಟಾ?"

ಎಲ್ಲವೂ ಅಳತೆಗಿಂತ ದೊಡ್ಡವು. ಒಂದಲ್ಲ, ಅಷ್ಟೂ.

ಮಾಡಿದ್ದು ಇಮಾಮಸಾಬ್ ಚಾಚಾ, ನಮ್ಮ ಕಟಿಂಗ್ ಮಾಸ್ಟರ್. ಕಂಪನಿ ರಟ್ಟಿನ ಅಚ್ಚು ಕೊಟ್ಟಿದೆ, ಅದರಂತೆ ಸುಣ್ಣದ ಗೆರೆ ಎಳೆದು ಕತ್ತರಿಸಿದರೆ ಮುಗಿಯಿತು. ಚಾಚಾ ಗೆರೆ ಎಳೆಯುತ್ತಾರೆ. ಆಮೇಲೆ ಎಡಗೈ ತೋರುಬೆರಳನ್ನು ಗೆರೆಯ ಹೊರಗೆ ಒತ್ತಿ ಇಟ್ಟು, ಬೆರಳಿನ ಆಚೆ ಕತ್ತರಿ ಹಾಕುತ್ತಾರೆ. ಬೆರಳಿನಷ್ಟು ಅಗಲ ಹೆಚ್ಚಿಗೆ. ಇದಕ್ಕೆ ಅವರು ಬರಕತ್ತಿನ ಬೆರಳು, ಅಂದರೆ ಸಮೃದ್ಧಿಯ ಬೆರಳು, ಅನ್ನುತ್ತಾರೆ. ಅವರ ಉಸ್ತಾದ ಕಲಿಸಿದ್ದಂತೆ.

"ಚಾಚಾ, ಅಚ್ಚು ಕೊಟ್ಟಿದ್ರಲ್ಲ! ಯಾಕ ಮೀರಿದ್ರಿ?"

"ಮೂವತ್ತೆರಡು ಅಂತ ಬರದಿರ್ತೈತಿ ಬೇಟಿ. ಮನುಷ್ಯಾ ಉಂಡ್ಮ್ಯಾಲೂ ಮೂವತ್ತೆರಡಾ ಇರ್ತಾನೇನು?"

"ಅವರು ಕೇಳಿದಷ್ಟು ಕೊಡಬೇಕ್ರಿ!"

"ಅಳದು ಸರೀ ಕೊಡಾಂವ ಜುಗ್ಗ. ಗೌಸನ ಅಪ್ಪನ ಕಾಲ್ದಿಂದ ಈ ಯೂನಿಟ್ಟಿನಾಗ ಯಾರಿಗೂ ಬಿಗಿ ಬಟ್ಟಿ ಕೊಟ್ಟಿಲ್ಲ ನಾನು."

ಇವರ ದೊಡ್ಡಸ್ತಿಕೆಗೆ ಏನು ಹೇಳಲಿ! ಸಾಹೇಬ ನನ್ನ ಕಡೆ ತಿರುಗಿ, "ಚೆಕಿಂಗ್ ನೀವೇ ತಾನೇ, ಅಳೆಯಲಿಲ್ವಾ?" ಅಂದ. ಅಳೆದಿದ್ದೆ. ಕಡಿಮೆ ಬಂದರಷ್ಟೇ ತಪ್ಪು ಎಂದುಕೊಂಡಿದ್ದೆ. ನಮ್ಮೂರಲ್ಲಿ ಅಕ್ಕಿ ಅಳೆದರೂ ಕೊನೆಗೊಂದು ಹಿಡಿ ಮೇಲೆ ಹಾಕುತ್ತಾರೆ. ಹೆಚ್ಚಿಗೆ ಕೊಟ್ಟರೂ ತಪ್ಪಾಗುತ್ತದೆ ಎಂದು ನನಗೆ ಯಾರು ಹೇಳಿದ್ದರು?

ಅಮೆರಿಕಾದ ಹೊಸ ಸುಂಕ ಇದೇ ಇಪ್ಪತ್ತೇಳಕ್ಕೆ ಶುರುವಂತೆ. ಅದರೊಳಗೆ ಮಾಲು ಹಡಗು ಹತ್ತಬೇಕು. ಅಷ್ಟನ್ನೂ ಬಿಚ್ಚಿ ಮತ್ತೆ ಹೊಲಿಯಬೇಕು.

ಆಗಸ್ಟ್ ೧೬, ಶನಿವಾರ

ಕುರುಗೋಡಿಗೆ ಹೋಗಿ ಬಂದೆ. ದೊಡ್ಡ ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಪಾರಮ್ಮನ ಮನೆ. ಅವಳ ಪಡಸಾಲೆಯಲ್ಲೇ ಓಣಿಯ ಹೆಂಗಸರು ನಮ್ಮ ಕೆಲಸ ಮಾಡುವುದು. ಟೆಂಪೊದಿಂದ ಬಂಡಲ್ ಇಳಿಸುತ್ತಿದ್ದಂತೆ ಪಾರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಹೊಲಿ ಅಂದ್ರ ಹೊಲಿತೀವಿ, ಬಿಚ್ಚು ಅಂದ್ರ ಬಿಚ್ಚತೀವಿ. ನಾಳೆ ಮತ್ತ ಹೊಲಿ ಅಂತೀರಿ. ನಾವೇನು ಗುಬ್ಬಿ ಗೂಡು ಕಟ್ಟಾಕ ಹತ್ತೀವೇನ?"

"ಬ್ಯಾಗನ ಮಾಡ್ರಿ ಅಕ್ಕಾ. ಇಪ್ಪತ್ತೇಳರ ಒಳಗ ಹೋಗಬೇಕು."

"ನಿನ್ನ ಇಪ್ಪತ್ತೇಳು ನನ್ನ ಒಲಿಗೆ ಗೊತ್ತಿಲ್ಲ, ಹುಡುಗಿ."

ಆದರೂ ಹೆಂಗಸರೆಲ್ಲ ಕೂತರು. ಹೊಲಿಗೆ ಬಿಚ್ಚುವಾಗ ಜೀನ್ಸಿನ ದಪ್ಪ ದಾರ ಬೆರಳ ಸಂದಿ ಕೊಯ್ಯುತ್ತದೆ. ಒಬ್ಬಳು ಬೆರಳಿಗೆ ಚಿಂದಿ ಸುತ್ತಿಕೊಂಡೇ ಬಿಚ್ಚುತ್ತಿದ್ದಳು. ಅಮೆರಿಕಾದಲ್ಲಿ ಅದನ್ನು ತೊಡುವವನಿಗೆ ಒಂದು ಬೆರಳು ಸಡಿಲವಾದರೆ ಏನಾಗುತ್ತಿತ್ತು? ಸಾಯುತ್ತಿದ್ದನೇ?

ಆಗಸ್ಟ್ ೨೭, ಬುಧವಾರ

ಗಣಪತಿ ಹಬ್ಬ. ಓಣಿ ತುಂಬ ಡೊಳ್ಳು. ಯೂನಿಟ್ಟಿನೊಳಗೆ ಒಂದು ಮಿಷನ್ನೂ ಓಡುತ್ತಿಲ್ಲ.

ಮಾಲು ಹೋಗಲಿಲ್ಲ. ಕೊನೆಯ ಬಂಡಲ್ ಇಸ್ತ್ರಿಯಾಗಿ ಪೆಟ್ಟಿಗೆ ಸೇರುವ ಹೊತ್ತಿಗೆ ದಿನ ಮೀರಿತ್ತು. ಇವತ್ತಿನಿಂದ ಅಲ್ಲಿ ಐವತ್ತು ಪರ್ಸೆಂಟ್ ಸುಂಕ. ಕಂಪನಿಯವನು ಫೋನಿನಲ್ಲಿ ಒಂದೇ ಮಾತು ಹೇಳಿದ: "ಹೋಲ್ಡ್ ಮಾಡಿ." ಎಷ್ಟು ದಿನ ಎಂದರೆ, "ಮೇಲಿಂದ ಹೇಳಿದಾಗ."

ಗೌಸಣ್ಣ ಚಾಚಾನ ಮುಂದೆ ಹೋಗಿ ನಿಂತ. ಆದರೆ ಹೇಳಿದ್ದು ನಾನು.

"ನಿಮ್ಮ ಒಂದು ಬೆರಳು ನಮ್ಮನ್ನೆಲ್ಲ ಮುಳುಗಿಸ್ತು ಚಾಚಾ."

ಚಾಚಾ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಮನೆಗೆ ಹೋದರು.

ಸೆಪ್ಟೆಂಬರ್ ೨, ಮಂಗಳವಾರ

ಅಪ್ಪ ಫೋನ್ ಮಾಡಿದ್ದ. ಟಿವಿಯಲ್ಲಿ ನೋಡಿದನಂತೆ.

"ನಿಮ್ಮದೂ ನಿಂತಿತೇನವ್ವಾ?"

"ನಿಂತೈತಿ."

ಅವನು ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. "ನಗ್ತೀ ಏನಪ್ಪಾ?"

"ಅಳಬೇಕಿತ್ತೇನ? ಕೆಂಪು ಮಣ್ಣು ಮಾರಿದ್ವಿ, ನಿಲ್ಲಿಸಿದ್ರು. ಅಕ್ಕಿ ಮಾರಿದ್ವಿ, ನಿಲ್ಲಿಸಿದ್ರು. ಈಗ ಪ್ಯಾಂಟು. ನಮ್ಮ ಮನಿತನ ಯಾವ ಧಂದೆಕ್ಕ ಹೋಗ್ತೈತೋ ಅದರ ಬಾಗ್ಲು ಮುಚ್ಚತೈತಿ ನೋಡು."

ಸುಳ್ಳಲ್ಲ. ನಾನು ಸಣ್ಣವಳಿದ್ದಾಗ ಅಪ್ಪ ಅದಿರಿನ ಲಾರಿ ಓಡಿಸುತ್ತಿದ್ದ. ಸೊಂಡೂರಿನಿಂದ ಬಂದರಿನ ತನಕ ಲಾರಿಗಳ ಸಾಲು. ರಫ್ತು ಬಂದ್ ಆಯಿತು, ಲಾರಿ ಮಾಲೀಕ ಲಾರಿ ಮಾರಿದ. ಅಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲು ಸೇರಿದ. ಮಿಲ್ಲಿನವರು ಹೊರದೇಶದ ಮಾಲಿಗೇ ನೆಚ್ಚಿಕೊಂಡಿದ್ದರು. ಎರಡು ವರ್ಷದ ಹಿಂದೆ ಅಕ್ಕಿ ಹೊರಗೆ ಕಳಿಸಬಾರದು ಎಂದು ಸರ್ಕಾರ ಹೇಳಿತು, ಮಿಲ್ಲಿನ ರಾತ್ರಿ ಪಾಳಿ ನಿಂತಿತು. ನಾನು ಬಳ್ಳಾರಿಗೆ ಬಂದದ್ದು ಆಮೇಲೆ.

ಆಗ ನಿಲ್ಲಿಸಿದ್ದು ನಮ್ಮವರು, ಈಗ ನಿಲ್ಲಿಸಿದ್ದು ಅವರು. ನಿಲ್ಲಿಸುವವರಿಗೆ ನಮ್ಮ ಹೆಸರೂ ಗೊತ್ತಿಲ್ಲ. ಲಾರಿ ಮಾಲೀಕ, ಮಿಲ್ಲಿನವರು, ಗೌಸಣ್ಣ, ಒಬ್ಬರಿಗಾದರೂ ಬುದ್ಧಿ ಬೇಡವೇ? ಕಣ್ಣ ಮುಂದೆ ಒಬ್ಬ ದೊಡ್ಡ ಗಿರಾಕಿ ಬಂದರೆ ಸಾಕು, ಊರವರಿಗೆಲ್ಲ ಬೆನ್ನು ತಿರುಗಿಸುತ್ತಾರೆ.

ತಿರುಪ್ಪೂರಿನಲ್ಲೂ ಮಿಷನ್ನುಗಳು ನಿಂತಿವೆಯಂತೆ. ಆದರೂ ಹೋಗುತ್ತೇನೆ. ಇಲ್ಲಿ ಏನಿದೆ?

ಸೆಪ್ಟೆಂಬರ್ ೧೧, ಗುರುವಾರ

ಪೆಟ್ಟಿಗೆಗಳು ಛಾವಣಿ ಮುಟ್ಟಿವೆ. ಮಿಷನ್ನುಗಳ ಮೇಲೂ ಪೆಟ್ಟಿಗೆ, ನಡೆಯುವ ದಾರಿಯಲ್ಲೂ ಪೆಟ್ಟಿಗೆ. ಮಾರೋಣವೆಂದರೆ ಮಾಲು ಕಂಪನಿಯದು. ಬೇರೆ ಹೊಲಿಯೋಣವೆಂದರೆ ಜಾಗವಿಲ್ಲ. ಅವರ ಗೋಡೌನಿಗೆ ನಮ್ಮ ಯೂನಿಟ್ಟು ಪುಕ್ಕಟೆ ಸಿಕ್ಕಿದೆ.

ಕುರುಗೋಡಿನ ಪಾರಮ್ಮ ತಾನೇ ಬಂದಳು. ಪೆಟ್ಟಿಗೆ ನೋಡಿದಳು, ಗೌಸಣ್ಣನನ್ನು ನೋಡಿದಳು.

"ಏನಣ್ಣಾ, ಅಮೆರಿಕಾ ಇಲ್ಲೇ ಬಂದು ಕುಂತೈತಲ್ಲ? ಚಾ ಕುಡಸಿ ಕಳಸು."

ಗೌಸಣ್ಣ ನೆಲ ನೋಡಿದ. "ಕೆಲ್ಸ ಇಲ್ಲವ್ವಾ ಪಾರಮ್ಮ. ಬಂದ್ರ ಹೇಳಿ ಕಳಸ್ತೀನಿ."

"ನೀ ಹೇಳಿ ಕಳಸೋ ಮಟ ನಮ್ಮ ಹುಡುಗ್ರು ಉಪಾಸ ವನವಾಸ ಇರಲಿ?"

ಅವಳ ಸಿಟ್ಟು ನ್ಯಾಯವಾದದ್ದು. ಗೌಸಣ್ಣನ ಮೇಲೆ ನನಗೂ ಅದೇ ಸಿಟ್ಟು. ಹಳೆಯ ವ್ಯಾಪಾರಿಗಳಿಗೆ ಒಂದು ಫೋನ್ ಮಾಡಲು ಅವನಿಗೆ ಮುಖವಿಲ್ಲ. "ಯಾವ ಬಾಯಿಲೆ ಕೇಳಲಿ" ಅನ್ನುತ್ತಾನೆ. ಅದೇ ಬಾಯಿಲೆ ಬೇಡ ಅಂದಿರಲಿಲ್ಲವೇ?

ಸೆಪ್ಟೆಂಬರ್ ೨೦, ಶನಿವಾರ

ದೊಡ್ಡ ಹೋಟೆಲಿನ ಹಾಲ್‌ನಲ್ಲಿ ಯಾವುದೋ ಸಂಘದವರ ರಫ್ತು ಶಿಬಿರ. ಗೌಸಣ್ಣ ನನ್ನನ್ನೂ ಕರೆದೊಯ್ದ. ಕೋಟು ಹಾಕಿದ ಒಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದರು. ಒಂದೇ ದೇಶವನ್ನು ನಂಬಬಾರದು, ಒಂದೇ ಸಾಮಾನನ್ನು ನಂಬಬಾರದು. ಹತ್ತು ದೇಶಕ್ಕೆ ಹತ್ತು ಬಗೆಯ ಮಾಲು ಕಳಿಸಿದರೆ ಒಂದು ಬಾಗಿಲು ಮುಚ್ಚಿದರೂ ದೇಶದ ಬೆಳವಣಿಗೆ ನಿಲ್ಲುವುದಿಲ್ಲ. ಗೋಡೆಯ ಚಿತ್ರದಲ್ಲಿ ಬೆಳವಣಿಗೆಯ ಗೆರೆ ಮೇಲಕ್ಕೆ ಮೇಲಕ್ಕೆ ಹೋಯಿತು.

ನನಗೆ ಸಿಟ್ಟು ಬಂದದ್ದು ಅವರು ಹೇಳಿದ್ದು ತಪ್ಪೆಂದಲ್ಲ, ಸರಿಯಾಗಿದ್ದುದಕ್ಕೆ. ಇದನ್ನೇ ನಮ್ಮ ಅಪ್ಪನಿಗೆ ಅದಿರಿನ ಕಾಲದಲ್ಲಿ ಯಾಕೆ ಹೇಳಲಿಲ್ಲ? ಆಗ ಇವರು ಎಲ್ಲಿದ್ದರು?

ಎದ್ದು ನಿಂತೆ. "ಸರ್, ಹತ್ತು ದೇಶದ ಬಾಗ್ಲು ನಮ್ಮಂಥಾ ಸಣ್ಣ ಯೂನಿಟ್ಟಿಗೆ ಯಾರು ತೋರಸ್ತಾರ್ರಿ? ನಮಗ ಬೆಂಗಳೂರಿನ ಒಂದು ಫೋನ್ ನಂಬರ್ ಬಿಟ್ರ ಬೇರೆ ಗೊತ್ತಿಲ್ಲ."

"ಒಳ್ಳೆಯ ಪ್ರಶ್ನೆಯಮ್ಮಾ. ವೆಬ್‌ಸೈಟಿನಲ್ಲಿ ಎಲ್ಲ ಮಾಹಿತಿ ಇದೆ."

"ವೆಬ್‌ಸೈಟು ಮಾಲು ತಗೋತೈತೇನ್ರಿ?"

ಹಿಂದಿನ ಸಾಲಿನಲ್ಲಿ ಸಿಳ್ಳೆ ಬಿತ್ತು. ಗೌಸಣ್ಣ ನನ್ನ ದುಪಟ್ಟಾ ಎಳೆದು ಕೂರಿಸಿದ. ಹೊರಗೆ ಬಂದ ಮೇಲೆ, "ಮಾನ ಕಳದಿ ನೋಡು," ಅಂದ.

"ನಿಮಗ ಮಾನ ಒಂದೇ ಚಿಂತಿ ಆಗೈತಿ. ಹತ್ತು ದೇಶ ಇರ್ಲಿ, ಹತ್ತು ಊರು ಇದ್ವಲ್ಲ ನಮಗ? ಅವನ್ನ ಯಾಕ ಬಿಟ್ವಿ?"

"ಅಷ್ಟು ಧೈರ್ಯ ಇದ್ರ ನೀನ ಹೋಗಿ ಕೇಳು."

"ಹೋಗ್ತೀನಿ."

ಸೆಪ್ಟೆಂಬರ್ ೩೦, ಮಂಗಳವಾರ

ಕಂಪನಿಯ ಲಾರಿ ಬಂದು ಪೆಟ್ಟಿಗೆಗಳನ್ನು ತುಂಬಿಕೊಂಡು ಹೋಯಿತು. ಎಲ್ಲಿಗೆ ಎಂದು ಡ್ರೈವರನಿಗೂ ಗೊತ್ತಿಲ್ಲ. ಒಂದು ಕ್ಷಮೆ, ಒಂದು ಥ್ಯಾಂಕ್ಸ್, ಏನೂ ಇಲ್ಲ.

ನೆಲ ಕಂಡಿತು. ಗುಡಿಸಿದೆವು.

ಅಕ್ಟೋಬರ್ ೬, ಸೋಮವಾರ

ಸಿರುಗುಪ್ಪಕ್ಕೆ ಹೋಗಿದ್ದೆ. ಮನೆಗಲ್ಲ, ಗವಿಸಿದ್ದಪ್ಪನವರ ಅಂಗಡಿಗೆ. ಚೀಲದಲ್ಲಿ ಮಕ್ಕಳ ಪ್ಯಾಂಟಿನ ಮಾದರಿ. ಬಟ್ಟೆ ಕತ್ತರಿಸಿಕೊಟ್ಟದ್ದು ಚಾಚಾ. ಮನೆಗೇ ಹೋಗಿ ಕೇಳಿದ್ದೆ. ತಪ್ಪಾಯಿತು ಅನ್ನಲು ಹೋದರೆ ಬಾಯಿಗೆ ಬರಲಿಲ್ಲ. ಅವರೇ, "ಕತ್ತರಿ ತುಕ್ಕು ಹಿಡಿಯಾಕ ಹತ್ತೈತಿ, ನಡಿ," ಅಂದರು.

ಗವಿಸಿದ್ದಪ್ಪ ನನ್ನನ್ನು ನೋಡಿದರೂ ನೋಡದಂತೆ ಬೇರೆ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. ಕಾಲು ಸೋಲುವವರೆಗೂ ನಿಂತೆ. ನಮ್ಮೂರಲ್ಲೇ, ಗುರುತಿನವರೆಲ್ಲ ನೋಡುತ್ತಿರುವಾಗ!

ಕೊನೆಗೆ, "ಏನವ್ವಾ ಅಮೆರಿಕಾದಾಕಿ?" ಅಂದರು.

"ತಂದೀನಿ. ನೋಡ್ರಿ ಸಾವ್ಕಾರ್ರ."

"ಅವತ್ತು ಎಲ್ಲಾರಿಗಿಂತ ಜೋರ್ ನಕ್ಕಾಕಿ ನೀನ ಅಲ್ಲ?"

"ಹೌದ್ರಿ."

ಪ್ಯಾಂಟನ್ನು ಎಳೆದು, ತಿರುವಿ, ಹೊಲಿಗೆಗೆ ಉಗುರು ಹಾಕಿ ನೋಡಿದರು. "ಅಮೆರಿಕಾ ನಿಂತಿತು, ನಮ್ಮ ನೆನಪಾತು. ನಾಳೆ ಚಾಲೂ ಆತು ಅಂದ್ರ? ಮತ್ತ ಮೆಟ್ಲ ಮ್ಯಾಲೆ ನಿಲ್ಲಸ್ತೀರಿ."

"ಇಲ್ಲರಿ. ನಿಮ್ಮ ಮಾಲಿಗೆ ಮಿಷನ್ ಬ್ಯಾರೆ ಇಡ್ತೀವಿ. ಯಾರು ಬಂದ್ರೂ ಕೊಡಂಗಿಲ್ಲ."

"ಯಾರ ಮಾತು ಇದು? ಗೌಸನದೋ, ನಿನ್ನದೋ?"

"ನಮ್ಮದು."

ದೀಪಾವಳಿಗೆ ಸ್ವಲ್ಪ ಮಾಲು ಕಳಿಸಲು ಹೇಳಿದರು. ಸರಿಯಾಗಿ ಬಂದರೆ ತಿಂಗಳಿಗೊಮ್ಮೆ. ಚಹಾ ಮಾತ್ರ ಕುಡಿಸಲಿಲ್ಲ. ಬರುವಾಗ ತೆಕ್ಕಲಕೋಟೆಯಲ್ಲಿ ಇಳಿದು ಇನ್ನೊಂದು ಅಂಗಡಿಗೂ ತೋರಿಸಿದೆ. ಶಾಲೆಯ ಪ್ಯಾಂಟು ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದೆ. ಆಗುತ್ತದೋ ಇಲ್ಲವೋ ನಾಳೆ ಚಾಚಾನನ್ನು ಕೇಳಬೇಕು.

ಅಕ್ಟೋಬರ್ ೨೭, ಸೋಮವಾರ

ಸಿರುಗುಪ್ಪದವರ ದೀಪಾವಳಿ ಮಾಲು ಖಾಲಿಯಾಗಿದೆ. ಮತ್ತೆ ಕೇಳಿದ್ದಾರೆ. ತೆಕ್ಕಲಕೋಟೆಯ ಶಾಲೆ ಪ್ಯಾಂಟು ನಡೆಯುತ್ತಿದೆ. ದಾರ ತುಂಡಾಗುತ್ತಿತ್ತು, ಅಂಗಡಿಯವನ ಜತೆ ಜಗಳ ಮಾಡಿ ಬದಲಾಯಿಸಿಕೊಂಡು ಬಂದೆ. ಕಳ್ಳ. ನಿದ್ದೆ ಬರುತ್ತಿದೆ.

ನವೆಂಬರ್ ೫, ಬುಧವಾರ

ಅದೇ ಕ್ವಾಲಿಟಿ ಸಾಹೇಬ ಬಂದ. ಏನೂ ಆಗಿಯೇ ಇಲ್ಲವೆಂಬಂತೆ ಕುರ್ಚಿ ಎಳೆದುಕೊಂಡು ಕೂತ.

"ಗೌಸ್ ಅವರೇ, ಈ ಸಲ ಯುರೋಪ್ ಆರ್ಡರ್. ಕಂಪನಿ ಪಾಠ ಕಲಿತಿದೆ. ಈಗ ನಾವು ಏಳೆಂಟು ದೇಶಕ್ಕೆ ಕಳಿಸ್ತಿದ್ದೀವಿ. ಒಂದು ನಿಂತ್ರೂ ಯೋಚನೆ ಇಲ್ಲ. ವರ್ಷವಿಡೀ ಕೆಲಸ. ಅದೇ ಷರತ್ತು, ಎಲ್ಲಾ ಮಿಷನ್ನೂ ನಮಗೆ."

ಗೌಸಣ್ಣನ ಕಣ್ಣು ಅರಳಿದ್ದು ನೋಡಿದೆ. ಅದನ್ನು ನೋಡಿಯೇ ನನ್ನ ಬಾಯಿ ತೆರೆಯಿತು.

"ಸರ್, ನಿಮಗ ಏಳೆಂಟು ದೇಶ ಆದ್ವು. ನಮಗ?"

"ನಿಮಗೆ ನಾವಿದ್ದೀವಲ್ಲಮ್ಮಾ!"

ನಗುತ್ತಲೇ ಹೇಳಿದ. ಅವನಿಗೆ ಅದು ಸಮಾಧಾನದ ಮಾತು. ಕಂಪನಿಗೆ ಹತ್ತು ಬಾಗಿಲು, ನಮಗೆ ಕಂಪನಿಯೊಂದೇ ಬಾಗಿಲು. ಒಂದು ಕಡೆ ಗಾಳಿ ಬೀಸಿದರೆ ಅವನು ಇನ್ನೊಂದು ಬಾಗಿಲಲ್ಲಿ ಹೋಗುತ್ತಾನೆ. ನಾವು ಎಲ್ಲಿಂದ ಹೋಗುವುದು?

ಮಿಷನ್ನುಗಳೆಲ್ಲ ನಿಂತವು. ಗೌಸಣ್ಣ ನನ್ನ ಕಡೆ ತಿರುಗಿದ. ಎಲ್ಲರೆದುರು ಅವನು ನನ್ನನ್ನು ಏನಾದರೂ ಕೇಳಿದ್ದು ಇದೇ ಮೊದಲು.

"ಏನಂತಿ ಅಂಜನಾ?"

"ಅರ್ಧ ಮಿಷನ್ ಕೊಡೋಣ. ಅರ್ಧ ನಮ್ಮವು. ಸಿರುಗುಪ್ಪಕ್ಕ ಮಾತು ಕೊಟ್ಟೀವಿ."

"ಮಕ್ಕಳ ಚಡ್ಡಿಗಾಗಿ ಯುರೋಪ್ ಬಿಡ್ತೀರಾ?" ಸಾಹೇಬನ ನಗು ಹೋಯಿತು. "ನಿಮ್ಮಂಥ ಯೂನಿಟ್ಟು ನೂರು ಸಿಗುತ್ತೆ."

ಚಾಚಾ ಕತ್ತರಿಯಿಂದ ತಲೆ ಎತ್ತದೆ, "ನೂರು ಸಿಗ್ತಿದ್ರ ನೀವು ಈ ಮೆಟ್ಲು ಹತ್ತತಿದ್ದಿಲ್ಲ ಬಿಡ್ರಿ ಸಾಹೇಬ್ರ," ಅಂದರು.

ಸಾಹೇಬ ಧಡಧಡ ಇಳಿದು ಹೋದ. ಗೌಸಣ್ಣ ಅವನ ಹಿಂದೆಯೇ ಓಡಿದ. ಕಿಟಕಿಯಿಂದ ಕಂಡಿತು: ವೆಲ್ಡಿಂಗ್ ಅಂಗಡಿಯ ಮುಂದೆ ಕಾರಿನ ಬಾಗಿಲು ಹಿಡಿದು, ಬಗ್ಗಿ, ಕೈ ಆಡಿಸುತ್ತ ಮಾತಾಡುತ್ತಿದ್ದ. ಬಗ್ಗಿದ ಬೆನ್ನು ನೋಡಿ ನನಗೆ ಅಲ್ಲೇ ಕಿರುಚಬೇಕೆನಿಸಿತು. ಹೋಯಿತು, ಎಲ್ಲ ಬರೆದುಕೊಟ್ಟ ಎಂದುಕೊಂಡೆ.

ಮೇಲೆ ಬಂದು ಮುಖ ಒರೆಸಿಕೊಂಡ.

"ಅರ್ಧಕ್ಕ ಒಪ್ಪಿದ."

ಹೆಂಗಸರು ಚಪ್ಪಾಳೆ ಹೊಡೆದರು. ಅವನು ನನ್ನನ್ನು ಮಾತ್ರ ನೋಡಲಿಲ್ಲ.

"ಆದ್ರ ನಿನ್ನ ಚೆಕಿಂಗಿಗೆ ಇಡಬಾರದಂತ. ಅವರ ಮಾಲು ನೀ ಮುಟ್ಟಬಾರದಂತ."

"ನೀವೇನಂದ್ರಿ?"

"ಆತು ಅಂದೆ."

ಆತು ಅಂದನಂತೆ! ನಾನು ಆಡಿದ ಮಾತಿಗೆ ಅರ್ಧ ಉಳಿಯಿತು, ಬೆಲೆ ತೆತ್ತದ್ದು ನನ್ನ ಕೆಲಸದಿಂದ. ಚೀಲ ಎತ್ತಿಕೊಂಡು ಬಂದುಬಿಟ್ಟೆ. ಆಕಡೆ ಗಿರಾಕಿ ಹಾಗೆ, ಈಕಡೆ ಮಾಲೀಕ ಹೀಗೆ. ನಾಳೆ ಹೋಗಿ ನನ್ನ ಟೇಪು, ಕತ್ತರಿ ತಂದುಬಿಡುತ್ತೇನೆ.

ನವೆಂಬರ್ ೬, ಗುರುವಾರ

ಹೋದೆ. ಯೂನಿಟ್ಟಿನ ನಡುವೆ ಹಳೆಯ ಬೆಡ್‌ಶೀಟು ಕಟ್ಟಿ ಎರಡು ಭಾಗ ಮಾಡಿದ್ದರು. ಬೀದಿ ಕಡೆಯದು ಕಂಪನಿಗೆ. ಗಾಳಿ ಬರುವ ಹಿಂದಿನ ಕಿಟಕಿಯ ಕಡೆ ನಮ್ಮದು. ಅಲ್ಲಿ ಕುರುಗೋಡಿನ ಪಾರಮ್ಮ ತನ್ನ ಹೆಂಗಸರ ಜತೆ ಕೂತಿದ್ದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಗೌಸಣ್ಣನೇ ಕರೆಸಿದ್ದನಂತೆ.

"ಚೆಕಿಂಗ್ ಮೇಡಂ ಕೆಲ್ಸ ಹೋತಂತ? ಚಲೋ ಆತು," ಅಂದಳು ಪಾರಮ್ಮ. "ಈಗ ಹೇಳು, ಮೊದ್ಲು ಸಾಲಿ ಪ್ಯಾಂಟೋ, ಸಣ್ಣ ಹುಡುಗ್ರದೋ? ಬಾಗ್ಲಾಗ ಕಂಬದಂಗ ನಿಂದ್ರಬ್ಯಾಡ."

"ನನ್ನ ಯಾಕ ಕೇಳ್ತಿ?"

"ಗೌಸಣ್ಣ ನಿನ್ನನ್ನ ಕೇಳು ಅಂದಾನ. ಈ ಕಡಿದೆಲ್ಲಾ ನಿಂದ ಅಂತಲ್ಲ?"

ನನಗೆ ಒಂದು ಮಾತೂ ಹೇಳಿರಲಿಲ್ಲ ಅವನು. ಹೇಳಿದ್ದರೆ ಬಾಯಿ ಸವೆಯುತ್ತಿತ್ತೇನೋ! ಸಿಟ್ಟಿನಲ್ಲೇ ಚೀಲ ಕಿಟಕಿಗೆ ನೇತುಹಾಕಿ, "ಸಣ್ಣ ಹುಡುಗ್ರದು," ಅಂದೆ. "ಎಲಾಸ್ಟಿಕ್ ಮೊದ್ಲು ಕತ್ತರಿಸಿಡ್ರಿ. ಅಳತಿ ತಪ್ಪಿದ್ರ ನಾ ಸುಮ್ಮನಿರಂಗಿಲ್ಲ."

ಸಂಜೆಗೆ ಸಿರುಗುಪ್ಪದ ಬಂಡಲ್ ಕಟ್ಟುತ್ತಿದ್ದೆ. ಬೆಡ್‌ಶೀಟು ಸರಿಸಿ ಗೌಸಣ್ಣ ತಲೆ ಹಾಕಿದ.

"ಅಂಜನಾ, ಆ ಕಡೆ ಒಂದು ಮಿಷನ್ ಕಮ್ಮಿ ಬಿದ್ದೈತಿ. ನಿಮ್ಮ ಕಡಿದು ಒಂದು ಕೊಡು. ಎರಡು ದಿನದ ಮಟ್ಟಿಗೆ."

ಪಾರಮ್ಮ ಪೆಡಲ್ ತುಳಿಯುವುದು ನಿಲ್ಲಿಸಿದಳು. ಗೌಸಣ್ಣ ಆಗಲೇ ಒಂದು ಮಿಷನ್ನಿಗೆ ಕೈ ಹಾಕಿದ್ದ.

"ಕೊಡಂಗಿಲ್ಲ," ಅಂದೆ.

"ಎರಡು ದಿನ ಅಷ್ಟ..."

"ಕೊಡಂಗಿಲ್ಲ ಅಂದೆ ಗೌಸಣ್ಣಾ. ಕೈ ತೆಗಿ."

ಅವನು ನನ್ನ ಮುಖ ನೋಡಿದ. ಆಮೇಲೆ ಕೈ ತೆಗೆದ.